ಶುಕ್ರ ದಾಟಿದ ಮಧ್ಯಾಹ್ನ

ದುಂಡಪ್ಪ ಬ್ಯಾಟರಿಯ ಎರಡೂ ಟರ್ಮಿನಲ್‌ಗಳನ್ನು ಬೆರಳಿನಿಂದ ಸವರಿ, ದಪ್ಪಗಿರುವುದೇ ಪ್ಲಸ್ ಎಂದು ಖಾತ್ರಿ ಮಾಡಿಕೊಂಡ. ಇನ್ವರ್ಟರಿನ ಒಂದು ವೈರನ್ನು ಅದಕ್ಕೆ ಬಿಗಿದ. ಇನ್ನೊಂದನ್ನು ಮುಟ್ಟಿಸುತ್ತಲೇ ಕಿಡಿ ಹಾರಿತು. ಇನ್ವರ್ಟರಿನ ಡಬ್ಬಿಯೊಳಗಿಂದ ಸುಟ್ಟ ವಾಸನೆ ಬಂತು.

ಮನೋಳಿ ಊರಿನ ಹೊರಗಿನ ದಿಬ್ಬದ ಮೇಲೆ ನೆರೆದಿದ್ದ ಸಾಲೆಯ ಮಕ್ಕಳು ಕತ್ತು ಚಾಚಿ ನೋಡಿದರು. 2004ರ ಜೂನ್ ಎಂಟು. ಅಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಬದುಕಿರುವ ಯಾರೂ ಅದನ್ನು ಕಂಡಿರಲಿಲ್ಲ. ದಿಬ್ಬದಲ್ಲಿ ಕರೆಂಟಿಲ್ಲ. ಸೂರ್ಯ ಸರಿದಂತೆ ದುರ್ಬೀನನ್ನು ತಿರುಗಿಸುವ ಮೋಟರಿಗೆಂದು, ವಿಜ್ಞಾನ ಕಲಿಸುವ ಶೈಲಜಾ ಕೇಳಿಕೊಂಡಿದ್ದಕ್ಕೆ, ಮೂವತ್ತು ವರ್ಷ ಬ್ಯಾಟರಿ ರಿಪೇರಿ ಮಾಡಿದ ದುಂಡಪ್ಪ ಕಳೆದ ದೀಪಾವಳಿಗೇ ಈ ಇನ್ವರ್ಟರ್ ಕಟ್ಟಿಟ್ಟಿದ್ದ.

"ಇರಲಿ ಬಿಡ್ರಿ ಕಾಕಾ, ಕೈಲೇ ತಿರುವತೇವಿ," ಎಂದಳು ಶೈಲಜಾ.

ದುಂಡಪ್ಪನಿಗೆ ಬುತ್ತಿ ತಂದಿದ್ದ ಹೆಂಡತಿ ಇಂದ್ರವ್ವ ಬಗ್ಗಿ ನೋಡಿದಳು. ಕೆಂಪು ವೈರು ಇರಬೇಕಾದ ದಪ್ಪ ಟರ್ಮಿನಲ್ಲಿಗೆ ಕರಿಯ ವೈರು ಬಿಗಿದಿತ್ತು. ಆ್ಯಸಿಡ್ ಸಿಡಿದು ಅವನ ಎಡಗಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಬಲಗಣ್ಣು ನೆಟ್ಟಗಿದೆ ಎಂದೇ ಅವಳು ತಿಳಿದಿದ್ದಳು.

"ಇದರ ಬಣ್ಣ ಯಾವುದ್ರಿ?" ಮೆಲ್ಲಗೆ ಕೇಳಿದಳು.

"ಕೆಂಪ. ಯಾಕ?"

ಅವಳು ಬುತ್ತಿಯ ಗಂಟನ್ನು ಅವನ ಪಕ್ಕದಲ್ಲಿಟ್ಟಳು.

ದುರ್ಬೀನಿನಿಂದ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬಿತ್ತು. ಅದರೊಳಗೊಂದು ಕರಿ ಚುಕ್ಕೆ. ಮಕ್ಕಳು ಸಾಲಾಗಿ ಬಂದು ನೋಡಿ, "ಸಾಸಿವಿ ಕಾಳಿನಂಗ ಐತಿ" ಎನ್ನುತ್ತ ಸರಿದರು. ದುಂಡಪ್ಪ ದೂರದಲ್ಲಿ ಇನ್ವರ್ಟರಿನ ಪಕ್ಕದಲ್ಲೇ ಕೂತಿದ್ದ. ಎರಡು ಗಂಟೆಯ ಸುಮಾರಿಗೆ ಶೈಲಜಾ ಅವನನ್ನು ಕರೆದಳು.

"ನೀವೊಬ್ರ ಉಳದ್ರಿ. ಬರ್ರಿ ಕಾಕಾ."

ಅವನು ಎದ್ದು ಬರುವಷ್ಟರಲ್ಲಿ ಮೋಡ ಕವಿಯಿತು. ಹಾಳೆಯ ಮೇಲೆ ಏನೂ ಉಳಿಯಲಿಲ್ಲ. ಶೈಲಜಾ ಅದನ್ನು ಹೇಳುವ ಮೊದಲೇ ದುಂಡಪ್ಪ ಬಗ್ಗಿದ್ದ.

"ಕಂಡಿತ್ರಿ ಅಕ್ಕಾರ," ಎಂದ. "ಸಾಸಿವಿ ಕಾಳಿನಂಗ. ಎಷ್ಟ ಸಣ್ಣದ ಐತಿ."

ಶೈಲಜಾ ಇಂದ್ರವ್ವನ ಮುಖ ನೋಡಿ ತಲೆ ತಗ್ಗಿಸಿದಳು.

ದಿಬ್ಬ ಇಳಿಯುವಾಗ ಇಂದ್ರವ್ವ ಕೇಳಿದಳು, "ಯಾವಾಗಿಂದ್ರಿ?"

"ಹೋಳಿ ಹುಣ್ಣಿವಿಯಿಂದ."

"ನಾಳಿ ಬೆಳಗಾವಿ ದವಾಖಾನಿಗೆ ಹೋಗೂಣು."

"ಹೋಗಿ ಬಂದೇನಿ. ಈ ಕಣ್ಣೂ ಉಳಿಯೂದಿಲ್ಲಂದ್ರು."

"ನನಗ ಒಂದ ಮಾತ ಹೇಳಲಿಲ್ಲ."

"ಹೇಳಿದ್ರ ಅಂಗಡಿಗೆ ಹೋಗಗೊಡತಿದ್ದಿಲ್ಲ ನೀ."

ಸ್ವಲ್ಪ ದೂರ ಹಾಗೇ ನಡೆದರು. ಅವನು ಮುಂದೆ, ಅವಳು ಹಿಂದೆ. ಆಮೇಲೆ ಅವಳು ಬಿರಬಿರನೆ ಮುಂದೆ ಬಂದು ಪಕ್ಕದಲ್ಲಿ ನಡೆಯತೊಡಗಿದಳು.

"ಮುಂದ ಕಲ್ಲೈತಿ," ಎಂದಳು.

ಅವನು ಕಾಲನ್ನು ಎತ್ತರಕ್ಕೆ ಎತ್ತಿ ಇಟ್ಟ. ಕಲ್ಲು ಇನ್ನೂ ಎರಡು ಹೆಜ್ಜೆ ಆಚೆಗಿತ್ತು.