ಹದಿನೈದು ನಿಮಿಷ ಹಿಂದಿದ್ದ ಲ್ಯಾಪ್‌ಟಾಪ್

ನನ್ನ ಮಾವನಿಗೆ ಫೋನಿನಲ್ಲಿ ಹಲೋ ಹೇಳುವ ಅಭ್ಯಾಸವಿಲ್ಲ. ನೇರ ವಿಷಯಕ್ಕೇ ಬರುತ್ತಾರೆ. ಆ ಬೆಳಿಗ್ಗೆಯೂ ಹಾಗೇ ಬಂದರು.

"ಲ್ಯಾಪ್‌ಟಾಪ್ ಕೆಟ್ಟಿದೆ. ಅದರ ಗಡಿಯಾರ ಹಿಂದೆ ಬಿದ್ದಿದೆ. ಬೇಗ ಬಾ. ಬೇಗ ಅಂದ್ರೆ ನಿನ್ನ ಬೇಗ ಅಲ್ಲ, ನನ್ನ ಬೇಗ."

ಈ ಕೊನೆಯ ಮಾತಿನ ಹಿಂದೆ ಏಳು ವರ್ಷದ ಇತಿಹಾಸವಿದೆ. ಆ ಮನೆಯಲ್ಲಿ ನನಗೆ 'ತಡದ ಸೊಸೆ' ಎಂದೇ ಹೆಸರು. ಒಂದು ಗಂಟೆಗೆ ಊಟಕ್ಕೆ ಕರೆದರೆ ನಾನೂ ನನ್ನ ಗಂಡನೂ ಐದು ನಿಮಿಷ ಮೊದಲೇ ಹೋಗಿ ಬಾಗಿಲು ತಟ್ಟುತ್ತೇವೆ. ಮಾವ ಬಾಗಿಲು ತೆರೆದು ಹಾಲಿನ ಗೋಡೆಯತ್ತ ಬೆರಳು ತೋರಿಸುತ್ತಾರೆ. ಅಲ್ಲಿನ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ ಆಗಿರುತ್ತದೆ. ಮಗನಿಗೆ ಬೈಗುಳವಿಲ್ಲ. ಮಗ ತಡವಾಗಿ ಬಂದರೆ ಅದಕ್ಕೂ ಸೊಸೆಯೇ ಕಾರಣವಂತೆ.

ಮೊದಮೊದಲು ನಾನು ಫೋನು ತೆಗೆದು ತೋರಿಸುತ್ತಿದ್ದೆ. "ಫೋನಲ್ಲಿ ಏನು ಬೇಕಾದ್ರೂ ಬರುತ್ತೆ" ಎಂದು ಮಾವ ಅದನ್ನು ನೊಣ ಓಡಿಸಿದಂತೆ ಓಡಿಸುತ್ತಿದ್ದರು. ಅವರ ಹತ್ತಿರ ಮೊಬೈಲ್ ಇಲ್ಲ, ಬೇಕಾಗಿಯೂ ಇಲ್ಲ. ಅವರ ಪಕ್ಷದಲ್ಲಿ ಹಾಲಿನ ಗಡಿಯಾರ, ಮಲಗುವ ಕೋಣೆಯ ಅಲಾರಂ, ಅಡುಗೆಮನೆಯ ಪುಟ್ಟ ಗಡಿಯಾರ, ಕೈಗೆ ಕಟ್ಟಿದ ವಾಚು, ಎಲ್ಲದರ ಮೇಲೆ ಲ್ಯಾಪ್‌ಟಾಪ್. ನನ್ನ ಪಕ್ಷದಲ್ಲಿ ಬಡಪಾಯಿ ಫೋನು ಒಂದೇ. "ಅಪ್ಪನೇ ಬೇಕಂತ ಮುಂದೆ ಇಟ್ಕೊಂಡಿರ್ತಾರೆ. ಶಿಸ್ತಿನ ಮನುಷ್ಯ. ನಾನು ಚಿಕ್ಕವನಿದ್ದಾಗಿಂದ ಹಾಗೇ, ಬಿಡು" ಎಂದು ಗಂಡ ಹೇಳಿದ್ದ. ನಾನೂ ಅದನ್ನೇ ನಂಬಿ ಹಲ್ಲು ಕಚ್ಚಿಕೊಂಡಿದ್ದೆ. ಎಲ್ಲರಿಗೂ ಗೊತ್ತಿರುವ ನಾಟಕದಲ್ಲಿ ಅವಮಾನ ಮಾತ್ರ ನನಗೊಬ್ಬಳಿಗೇ ಯಾಕೆ ಎಂದು ಒಳಗೊಳಗೇ ಉರಿಯುತ್ತಿದ್ದೆ.

ಅವತ್ತು ಮಾವನ ದೊಡ್ಡ ದಿನ. ಗಣಿತದ ಮೇಷ್ಟ್ರಾಗಿ ಅದೇ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗುತ್ತಿದ್ದರು. ಒಂದು ದಿನವೂ ತಡವಾಗಿ ಬರಲಿಲ್ಲವೆಂದು ಸಂಜೆ ನಾಲ್ಕಕ್ಕೆ ಶಾಲೆಯ ಸಭಾಂಗಣದಲ್ಲಿ ಅವರಿಗೆ ಸನ್ಮಾನವಿತ್ತು. ಮಕ್ಕಳು ಅವರನ್ನು 'ಗಂಟೆ ಮೇಷ್ಟ್ರು' ಎಂದೇ ಕರೆಯುತ್ತಿದ್ದರು. ಗೇಟು ತೆರೆಯುವ ಮೊದಲೇ ಅಲ್ಲಿ ನಿಂತಿರುವ ಮನುಷ್ಯನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ? ಶಾಲೆಯ ಗಡಿಯಾರ ಹಿಂದೆ, ಬಸ್ಸು ಹಿಂದೆ, ಕ್ಷೌರದಂಗಡಿಯವನು ಹಿಂದೆ, ಟೀವಿಯ ವಾರ್ತೆಯೂ ಹಿಂದೆ ಎಂದು ಅವರು ಎಲ್ಲರನ್ನೂ ಒಂದೇ ಸಮನೆ ಬೈಯುತ್ತಿದ್ದರು. ಇಡೀ ಊರೇ ಸೋಮಾರಿ ಎಂಬುದು ಅವರ ಖಚಿತ ಅಭಿಪ್ರಾಯ.

ಹೋದೆ. ಬಾಗಿಲು ತೆರೆಯಿತು, ಬೆರಳು ಗೋಡೆಯತ್ತ ಹೋಯಿತು. ನಾನು ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಕಿಟಕಿಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ಆರೋಪಿಯ ಹಾಗೆ ಕೂತಿತ್ತು. ರಾತ್ರಿ ಅದೇನೋ ಅಪ್‌ಡೇಟ್ ಬಂದು, ತಾನಾಗಿ ಆರಿ, ತಾನಾಗಿ ಹೊತ್ತಿಕೊಂಡಿದೆ. ಬೆಳಿಗ್ಗೆ ಭಾಷಣದ ಕೊನೆಯ ಪುಟ ತಿದ್ದಲು ಕೂತ ಮಾವನ ಕಣ್ಣು ಪರದೆಯ ಮೂಲೆಗೆ ಹೋಗಿದೆ. ಹದಿನೈದು ನಿಮಿಷ ಹಿಂದೆ! ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರಂತೆ. ಆ ಹುಡುಗಿ ಒಮ್ಮೆ ಆರಿಸಿ ಹಾಕಿ ಅಂದಳಂತೆ. ಆರಿಸಿ ಹಾಕಿದರು. ಹಾಗೇ ಇತ್ತು. ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಹಾಗೇ ಇತ್ತು. ನಿಮ್ಮ ಗಡಿಯಾರ ಸರಿಯಿದೆಯಾ ಸರ್ ಎಂದು ಅವಳು ಕೇಳಿದ ಮೇಲೆ ಮಾವ ಫೋನು ಕುಕ್ಕಿದರು.

"ನನ್ನನ್ನ ಕೇಳ್ತಾಳೆ, ಗಡಿಯಾರ ಸರಿಯಿದೆಯಾ ಅಂತ!"

"ಆಮೇಲೆ ನೀವೇನು ಮಾಡಿದ್ರಿ ಮಾವ?"

"ನಾನೇ ಸರಿ ಮಾಡೋಕೆ ಹೋದೆ."

ಅವರು ಸರಿ ಮಾಡಿದ್ದರ ಫಲ ಎದುರಿಗೇ ಇತ್ತು. ಸಮಯ ಬದಲಿಸುವ ಗುಂಡಿ ಮಂಕಾಗಿ ಒತ್ತಲು ಬಾರದ್ದರಿಂದ, ಒತ್ತಲು ಬಂದದ್ದನ್ನೆಲ್ಲ ಒತ್ತಿದ್ದಾರೆ. ಈಗ ಲ್ಯಾಪ್‌ಟಾಪ್ ಯಾವುದೋ ಸಾಗರದಾಚೆಯ ದ್ವೀಪದ ನಿನ್ನೆಯ ಸಂಜೆಯಲ್ಲಿತ್ತು. ಅಕ್ಷರಗಳು ಬೇರೆ ದಪ್ಪ ದಪ್ಪ ಆಗಿದ್ದವು. ಮೌಸು ಬಾಣದ ಬದಲು ಕೈ ತೋರಿಸುತ್ತಿತ್ತು. ಅದು ಹೇಗಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಸೆಟ್ಟಿಂಗ್ಸ್ ತೆರೆದು ದ್ವೀಪದಿಂದ ನಮ್ಮನ್ನು ಮನೆಗೆ ಕರೆತಂದೆ. ಅಂಕಿಗಳು ಒಮ್ಮೆ ಕಣ್ಣು ಮಿಟುಕಿಸಿ ನಿಂತವು. ನನ್ನ ಫೋನು ನೋಡಿದೆ. ನಿಮಿಷಕ್ಕೆ ನಿಮಿಷ ಸರಿ.

"ನೋಡು, ನೋಡು! ಮತ್ತೆ ಹದಿನೈದು ನಿಮಿಷ ಹಿಂದೆ!" ಎಂದು ಮಾವ ಕೈಯ ವಾಚನ್ನು ಪರದೆಗೆ ಒತ್ತಿ ಹಿಡಿದರು.

ಸತ್ಯ ಹೇಳುತ್ತೇನೆ, ನನಗೆ ಆಗಿದ್ದು ಸಂತೋಷ. ಏಳು ವರ್ಷದಿಂದ ಒಬ್ಬ ಸಾಕ್ಷಿಗಾಗಿ ಕಾಯುತ್ತಿದ್ದೆ. ಅದೂ ಎದುರು ಪಕ್ಷದಿಂದಲೇ ಎದ್ದು ಬಂದಿತ್ತು. 'ಸಮಯ ತಾನಾಗಿ ಹೊಂದಿಸು' ಎಂಬ ಗುಂಡಿಯನ್ನು ಅಪ್‌ಡೇಟ್ ಚಾಲೂ ಮಾಡಿಬಿಟ್ಟಿತ್ತು, ಅಷ್ಟೇ. ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ, ಸರಿಹೋಗಿತ್ತು. ಗಂಟಲು ಸರಿಮಾಡಿಕೊಂಡು, "ಮಾವ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದೆ.

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಢಣಾರೆಂದು ಬಿತ್ತು. ಅದರ ಹಿಂದೆಯೇ ಅತ್ತೆಯ ದನಿ ಬಂತು. "ಸ್ವಲ್ಪ ಬಾರಮ್ಮ ಇಲ್ಲಿ, ಬೀನ್ಸ್ ಹೆಚ್ಚಬೇಕು!"

ಒಳಗೆ ಹೋದರೆ ಬೀನ್ಸೂ ಇಲ್ಲ, ಚಾಕುವೂ ಇಲ್ಲ. ಅತ್ತೆ ನನ್ನ ಮೊಣಕೈ ಹಿಡಿದು ಫ್ರಿಜ್ಜಿನ ಮೂಲೆಗೆ ಎಳೆದುಕೊಂಡು ಹೋದರು. ಮುಖ ಬಿಳಚಿಕೊಂಡಿತ್ತು.

"ಹೇಳ್ಬೇಡ."

"ಏನನ್ನ?"

"ಗಡಿಯಾರಗಳೆಲ್ಲ ಮುಂದಿವೆ ಅಂತ. ಇವರಿಗೆ ಗೊತ್ತಿಲ್ಲ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. "ಗೊತ್ತಿಲ್ಲ ಅಂದ್ರೆ? ಮಾವನೇ ಅಲ್ವಾ ಮುಂದಿಟ್ಟಿರೋದು?"

"ಅವರೆಲ್ಲಿ? ನಾನು" ಎಂದು ಅತ್ತೆ ಪಿಸುಗುಟ್ಟಿದರು. "ನಿಮ್ಮಾವ ಆಗ ಎಂಥ ನಿಧಾನದ ಆಸಾಮಿ ಅಂತ ನಿನಗೇನು ಗೊತ್ತು? ಮದುವೆ ದಿನಾನೇ ತಡ. ನಮ್ಮಪ್ಪ ಬಾಗಿಲಲ್ಲಿ ನಿಂತು ನಿಂತು ಕಾಲು ಊದಿಸ್ಕೊಂಡಿದ್ರು. ಕೆಲಸಕ್ಕೆ ಸೇರಿದ ವರ್ಷ, ಇನ್ನೊಂದು ಸಲ ತಡವಾದ್ರೆ ಬರೋದೇ ಬೇಡ ಅಂತ ಸ್ಕೂಲಿನವರು ಹೇಳಿ ಕಳಿಸಿದ್ರು. ಆಗಿನವರು ಯಾರೂ ಈಗ ಅಲ್ಲಿಲ್ಲ, ಅದು ಯಾರಿಗೂ ನೆನಪಿಲ್ಲ. ನಿನ್ನ ಗಂಡ ಆಗ ನನ್ನ ಹೊಟ್ಟೇಲಿದ್ದ. ಏನು ಮಾಡ್ಲಿ ಹೇಳು? ಗೋಡೆ ಗಡಿಯಾರ ಇಳಿಸಿ ಮುಳ್ಳು ತಿರುಗಿಸ್ದೆ."

"ಆಮೇಲಾದ್ರೂ ಹೇಳಬಹುದಿತ್ತಲ್ಲ?"

"ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ಸ್ಕೂಲಲ್ಲಿ ಹೊಗಳೋಕೆ ಶುರು ಮಾಡಿದ್ರು. ಇವರು ಎದೆ ಉಬ್ಬಿಸ್ಕೊಂಡು ಮನೆಗೆ ಬಂದ್ರು. ಆ ಮುಖ ನೋಡಿ ಹೇಗೆ ಹೇಳ್ಲಿ?"

ಅಂದಿನಿಂದ ಮಾವ ಸ್ನಾನಕ್ಕೆ ಹೋದಾಗ ವಾಚು ಮುಂದೆ, ಪೇಟೆಗೆ ಹೋದಾಗ ಅಲಾರಂ ಮುಂದೆ. ಹೊಸ ಗಡಿಯಾರ ಬಂದರೆ ಮೊದಲು ಅತ್ತೆಯ ಕೈಗೆ. ಮಗ ಲ್ಯಾಪ್‌ಟಾಪ್ ತಂದುಕೊಟ್ಟಾಗ ಎರಡು ಮಧ್ಯಾಹ್ನ ಕೂತು, ಹೆಣಿಗೆಯ ವಿಡಿಯೋ ನೋಡುವ ನೆಪದಲ್ಲಿ, ಆ ಗುಂಡಿ ಎಲ್ಲಿದೆಯೆಂದು ಅತ್ತೆ ಹುಡುಕಿದ್ದರು. ಆಫ್ ಮಾಡಿ ಹದಿನೈದು ನಿಮಿಷ ಮುಂದೆ ತಳ್ಳಿದ್ದರು. ಇಮೇಲ್ ತೆರೆಯಲು ನನ್ನನ್ನು ಮೂರು ಸಲ ಕರೆಯುವ ಅತ್ತೆ!

ನನಗೆ ಸಿಟ್ಟು ನೆತ್ತಿಗೇರಿತು. "ಅಂದ್ರೆ ಏಳು ವರ್ಷ ನಾನು ತಡವಾಗಿ ಬರ್ತಿಲ್ಲ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಬೈಸ್ಕೊಳ್ಳೋದನ್ನ ನೋಡ್ತಾ ನಿಂತಿದ್ರಿ."

"ಅದಕ್ಕೇ ಅಲ್ವೇನೇ ಪ್ರತಿ ಸಲ ನಿನ್ನ ತಟ್ಟೆಗೆ ಎರಡೆರಡು ಸಲ ಬಡಿಸ್ತಿದ್ದದ್ದು? ನಿನ್ನ ಗಂಡನಿಗೆ ಎಂದಾದ್ರೂ ಹಾಗೆ ಬಡಿಸಿದೀನಾ?"

ಅದನ್ನು ನಾನು ಇಷ್ಟು ದಿನ ಪ್ರೀತಿ ಎಂದುಕೊಂಡಿದ್ದೆ. ಅದು ಪರಿಹಾರವಂತೆ! ನಗಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ತುಂಬಿದ್ದರಿಂದ ಜಗಳ ಆಗಲಿಲ್ಲ.

"ಇವತ್ತೊಂದು ದಿನ ಸುಧಾರಿಸ್ಕೋ. ಸಾಯಂಕಾಲ ಅಷ್ಟು ಜನದ ಮುಂದೆ ನಿಂತು ಮಾತಾಡ್ಬೇಕು ಪಾಪ. ಈಗ ಗೊತ್ತಾದ್ರೆ ಹೋಗೋದೇ ಇಲ್ಲ ಅಂತಾರೆ. ನನ್ನ ಮುಖ ಕೂಡ ನೋಡಲ್ಲ."

ನಾನು ಹಾಲಿಗೆ ವಾಪಸು ಬಂದೆ. ಮಾವ ಕುರ್ಚಿ ಎಳೆದುಕೊಂಡು ಭಾಷಣ ಓದಿಕೊಳ್ಳುತ್ತಿದ್ದರು. "ಕೇಳು, ನಿನ್ನ ಹೆಸರೂ ಬಂದಿದೆ" ಎಂದು ಉತ್ಸಾಹದಿಂದ ಓದಿದರು. "'ನನ್ನ ಸೊಸೆ ಬಹಳ ಒಳ್ಳೆಯವಳು, ಬುದ್ಧಿವಂತೆ. ಆದರೆ ಏಳು ವರ್ಷದಲ್ಲಿ ಒಮ್ಮೆಯೂ ಸರಿಯಾದ ಸಮಯಕ್ಕೆ ನಮ್ಮ ಮನೆಗೆ ಬಂದವಳಲ್ಲ. ಮಕ್ಕಳೇ, ಬುದ್ಧಿ ಒಂದಿದ್ದರೆ ಸಾಲದು.' ಇಲ್ಲಿ ಜನ ನಗ್ತಾರೆ. ಹೇಗಿದೆ?"

"ಚೆನ್ನಾಗಿದೆ ಮಾವ" ಎಂದೆ. ನನ್ನ ಹಲ್ಲುಗಳು ಒಂದಕ್ಕೊಂದು ಉಜ್ಜಿದ ಸದ್ದು ನನಗೇ ಕೇಳಿಸಿತು.

ಆ ಶಾಲೆಯ ಅರ್ಧ ಜನ ನನ್ನ ಪರಿಚಯದವರು. ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬರುವವರು. ನಾಳೆಯಿಂದ ಒಬ್ಬೊಬ್ಬರೂ ಗಲ್ಲಾದ ಆಚೆ ನಿಂತು ಗಡಿಯಾರ ತೋರಿಸಿ ನಗುತ್ತಾರೆ. ಒಂದೇ ಮಾತು ಸಾಕಿತ್ತು, ನನ್ನ ಮಾನ ಉಳಿಯುತ್ತಿತ್ತು. ಮಾವ ಭಾಷಣದ ಸಾಲುಗಳ ಮೇಲೆ ಬೆರಳಾಡಿಸುತ್ತ ತುಟಿ ಅಲ್ಲಾಡಿಸುತ್ತಿದ್ದರು. ಪರೀಕ್ಷೆಗೆ ಹೊರಟ ಮಗುವಿನ ಹಾಗೆ ಅವರ ಕಿವಿ ಕೆಂಪಾಗಿತ್ತು. ನಾನು ಬಗ್ಗಿ, ಆ ಗುಂಡಿಯನ್ನು ಆಫ್ ಮಾಡಿ, ಹದಿನೈದು ನಿಮಿಷ ಮುಂದೆ ತಳ್ಳಿದೆ.

"ಸರಿಹೋಯ್ತು ಮಾವ."

ಅವರು ವಾಚು ನೋಡಿದರು, ಗೋಡೆ ನೋಡಿದರು, ಪರದೆ ನೋಡಿದರು. "ಕೆಲಸ ಗೊತ್ತಿದೆ ನಿನಗೆ" ಎಂದರು. "ಆ ಹುಡುಗಿ ಕೈಲಿ ಆಗ್ಲಿಲ್ಲ ನೋಡು."

ಸಂಜೆ ಮಾವ, ಎಂದಿನಂತೆ, ಎಲ್ಲರಿಗಿಂತ ಮೊದಲು ಸಭಾಂಗಣದಲ್ಲಿದ್ದರು. ಕುರ್ಚಿ ಹಾಕುವವರು ಬರುವ ಮೊದಲೇ ಬಂದು, ಅವರು ತಡವಾಗಿ ಬಂದರೆಂದು ಬೈದೂ ಆಗಿತ್ತು. ಕಾರ್ಯಕ್ರಮ ಶುರುವಾಯಿತು. ಹೆಡ್‌ಮಾಸ್ಟರರು ಹೊಗಳಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಮಾವ ಲ್ಯಾಪ್‌ಟಾಪ್ ತೆರೆದಿಟ್ಟು ಮೈಕಿನ ಮುಂದೆ ನಿಂತರು. ಮುಂದಿನ ಸಾಲಿನಲ್ಲಿ ನಾನು, ನನ್ನ ಗಂಡ, ಮಧ್ಯೆ ಅತ್ತೆ. ಆ ಪುಟ ಬರುತ್ತಿದ್ದಂತೆ ನಾನು ನೆಲದ ಟೈಲ್ಸ್ ನೋಡತೊಡಗಿದೆ.

"ನನ್ನ ಸೊಸೆ ಬಹಳ ಒಳ್ಳೆಯವಳು, ಬುದ್ಧಿವಂತೆ" ಎಂದು ಮಾವ ಓದಿದರು. "ಆದರೆ ಏಳು ವರ್ಷದಲ್ಲಿ ಒಮ್ಮೆಯೂ ಸರಿಯಾದ ಸಮಯಕ್ಕೆ ನಮ್ಮ ಮನೆಗೆ ಬಂದವಳಲ್ಲ."

ಜನ ನಕ್ಕರು. ಅವರು ಹೇಳಿದ್ದ ಜಾಗದಲ್ಲೇ ನಕ್ಕರು. ಹಿಂದಿನ ಸಾಲಿನಿಂದ ಯಾರೋ ನನ್ನ ಭುಜ ತಟ್ಟಿದರು. ನಾನೂ ನಗಲು ನೋಡಿದೆ. ತುಟಿ ಬಾಗಲಿಲ್ಲ, ಕಣ್ಣು ಉರಿಯಿತು.

ಪಕ್ಕದಲ್ಲಿ ಕುರ್ಚಿ ಕಿರ್ ಎಂದಿತು. ಅತ್ತೆ ಎದ್ದು ನಿಂತಿದ್ದರು.

"ಸುಳ್ಳು" ಎಂದರು. ಮೈಕೇ ಬೇಕಾಗಲಿಲ್ಲ. "ಅವಳು ಒಂದು ದಿನವೂ ತಡವಾಗಿ ಬಂದವಳಲ್ಲ. ಮನೆ ಗಡಿಯಾರನೆಲ್ಲ ಮುಂದಿಟ್ಟಿರೋದು ನಾನು. ನಿಮ್ಮ ಕೈಯಲ್ಲಿರೋದನ್ನೂ."

ನಗು ಅಲ್ಲಲ್ಲೇ ಸತ್ತಿತು. ಮಾವ ಕನ್ನಡಕ ತೆಗೆದರು.

"ಎಷ್ಟು?"

"ಹದಿನೈದು ನಿಮಿಷ."

"ಎಷ್ಟು ದಿನದಿಂದ?"

"ನೀವು ಈ ಸ್ಕೂಲಿಗೆ ಸೇರಿದ ವರ್ಷದಿಂದ."

ಮಾವನ ತುಟಿಗಳು ಅಲ್ಲಾಡಿದವು. ಗಣಿತದ ಮೇಷ್ಟ್ರು, ಅಷ್ಟು ಜನದ ಮುಂದೆ ನಿಂತೇ ಲೆಕ್ಕ ಹಾಕುತ್ತಿದ್ದರು. ಬಸ್ಸಿನವನು, ಕ್ಷೌರದವನು, ಹೆಡ್‌ಮಾಸ್ಟರರು, ಗೇಟಿನಲ್ಲಿ ನಿಲ್ಲಿಸಿ ಬೈದ ಮಕ್ಕಳು, ಎಲ್ಲರೂ ಆ ಲೆಕ್ಕದಲ್ಲಿ ಬಂದಿರಬೇಕು. ಅವರ ಕಿವಿಯ ಕೆಂಪು ಇಳಿದು ಬಣ್ಣವೇ ಇಲ್ಲವಾಯಿತು. ಅತ್ತೆ ಕೂರಲಿಲ್ಲ. ಸೆರೆಸಿಕ್ಕ ಕಳ್ಳನ ಹಾಗೆ ಕೈಕಟ್ಟಿ ನಿಂತೇ ಇದ್ದರು. ಮೂವತ್ತು ವರ್ಷ ಕಾಪಾಡಿದ್ದನ್ನು ನನಗಾಗಿ ಅವರು ಒಂದೇ ಉಸಿರಿಗೆ ಸುರಿದುಬಿಟ್ಟಿದ್ದರು. ಏನು ಮಾಡುವುದೆಂದು ತೋಚದೆ ನಾನು ಅವರ ಸೆರಗಿನ ತುದಿ ಹಿಡಿದುಕೊಂಡೆ.

ಮಾವ ನನ್ನತ್ತ ತಿರುಗಿದರು.

"ಬೆಳಿಗ್ಗೆ ಈ ಲ್ಯಾಪ್‌ಟಾಪ್ ಸರಿಯಾಗೇ ಇತ್ತಾ?"

"ಇತ್ತು ಮಾವ."

"ಕೆಡಿಸಿದ್ದು ಯಾರು?"

"ನಾನೇ."

"ಈ ಪುಟ ಓದಿ ಹೇಳಿದ ಮೇಲೂ?"

"ಹೂಂ."

"ಯಾಕಮ್ಮ?"

ಕೊಡಲು ನನ್ನ ಹತ್ತಿರ ಏಳು ವರ್ಷದ ಉತ್ತರಗಳಿದ್ದವು, ಒಂದಕ್ಕಿಂತ ಒಂದು ಖಾರ. ಅವನ್ನೆಲ್ಲ ಬಿಟ್ಟು, "ಇವತ್ತು ನಿಮ್ಮ ದಿನ ಅಂತ" ಎಂದೆ.

ಮಾವ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ವಾಚು ಬಿಚ್ಚಿ ಅಂಗೈಯಲ್ಲಿಟ್ಟು, ಪಕ್ಕದ ಪುಟ್ಟ ತಿರುಪನ್ನು ಉಗುರಿನಿಂದ ಎಳೆದರು. ಗೋಡೆಯಲ್ಲಿ ಶಾಲೆಯ ಗಡಿಯಾರವಿತ್ತು, ಅದನ್ನು ನೋಡಲಿಲ್ಲ. ಹೆಡ್‌ಮಾಸ್ಟರರು ತಮ್ಮ ಫೋನು ಮುಂದೆ ಹಿಡಿದರು, ಅದನ್ನೂ ನೋಡಲಿಲ್ಲ.

"ಈಗ ಗಂಟೆ ಎಷ್ಟು, ನೀನು ಹೇಳು" ಎಂದು ನನ್ನನ್ನು ಕೇಳಿದರು.

"ನಾಲ್ಕೂ ಮುಕ್ಕಾಲು, ಮಾವ."

ಅವರು ಮುಳ್ಳು ಹಿಂದಕ್ಕೆ ತಿರುಗಿಸಿದರು.