ಪಕ್ಕಕ್ಕಿಟ್ಟ ರಿಸೀವರು

ಕೊಯ್ಲು ಮುಗಿದು ಬಿಸಿಲು ಚುರುಗುಟ್ಟುವ ಕಾಲ. ಕಾಳು ಕೊಳ್ಳುವ ಆ ಕಚೇರಿಯ ಅಂಗಳದಲ್ಲಿ ಬೆಳಗಿನಿಂದಲೇ ಲಾರಿಗಳು ಸಾಲುಗಟ್ಟಿದ್ದವು. ಒಳಗೆ ಟೆಲಿಫೋನಿನ ಕೋಣೆಯಲ್ಲಿ ಮೆಕ್ಯಾನಿಕ್ಕು ಮೇಜಿನಡಿ ಅಂಗಾತ ಮಲಗಿ, ಕರೆಗಳನ್ನು ಕೋಣೆಗಳಿಗೆ ಹಂಚುವ ಹೊಸ ಕನ್ಸೋಲಿನ ವೈರುಗಳನ್ನು ಗೋಡೆಯ ಪೆಟ್ಟಿಗೆಗೆ ಸೇರಿಸುತ್ತಿದ್ದ.

ಮೇಜಿನ ಮುಂದೆ ಕೂತಿದ್ದವಳು ಅವನ ಚಿಕ್ಕಮ್ಮ, ಕಚೇರಿಯ ಆಪರೇಟರು. ಹೊರಗಿನ ಯಾವ ಕರೆಯಾದರೂ ಅವಳ ಕೈ ದಾಟಿಯೇ ಒಳಗಿನ ಕೋಣೆಗಳಿಗೆ ಹೋಗಬೇಕು. ಹಳೆಯ ಬೋರ್ಡು ಕೈಕೊಡತೊಡಗಿದಾಗ ಮ್ಯಾನೇಜರು ದೊಡ್ಡ ಕಂಪನಿಯವರನ್ನು ಕರೆಸುತ್ತೇನೆಂದರು. ಎಲ್ಲರೆದುರು ಇವಳು, “ನಮ್ಮಕ್ಕನ ಮಗ ಇದಾನೆ. ನನ್ನ ಮಾತಿನ ಮೇಲೆ ಬಿಡಿ” ಎಂದುಬಿಟ್ಟಿದ್ದಳು. ಹೆತ್ತವಳು ತೀರಿಕೊಂಡ ಮೇಲೆ ಅವನಿಗೆ ಅನ್ನ ಹಾಕಿ ಓದಿಸಿದವಳೂ ಇವಳೇ. ಕೆಲಸ ಕೆಟ್ಟರೆ ತಲೆ ತಗ್ಗಿಸಬೇಕಾದವಳು ಚಿಕ್ಕಮ್ಮ ಎಂಬ ಯೋಚನೆ ಅವನನ್ನು ಒಂದು ಕಡೆ ನಿಲ್ಲಗೊಡುತ್ತಿರಲಿಲ್ಲ.

“ನೋಡು, ಒಂದೊಂದು ಕೋಣೆಗೂ ಒಂದೊಂದು ಗುಂಡಿ. ಪಕ್ಕದ ದೀಪ ಆರಿದ್ರೆ ಫೋನು ಖಾಲಿ. ಕೆಂಪಗಿದ್ರೆ ಯಾರೋ ಮಾತಾಡ್ತಿದಾರೆ ಅಂತ” ಎಂದು ಅವನು ಮೇಜಿನಡಿಯಿಂದ ಎದ್ದು ತೋರಿಸಿದ.

“ಗೊತ್ತಾಯ್ತು ಮೇಷ್ಟ್ರೇ. ಮೊದಲು ಮುಖದ ಧೂಳು ಒರೆಸ್ಕೋ, ಬಂದವರು ಹೆದರ್ತಾರೆ.”

ಮೊದಲ ಕರೆಗಳು ಸಲೀಸಾಗಿ ಹೋದವು. ಆದರೆ ಬಿಸಿಲು ಏರುತ್ತಿದ್ದಂತೆ ಲೆಕ್ಕದ ಕೋಣೆಯ ದೀಪ ಕೆಂಪಾಯಿತು, ಆರಲಿಲ್ಲ. ಆಮೇಲೆ ತೂಕದ ಮನೆಯದು. ಆಮೇಲೆ ಗೋದಾಮಿನದು. ಹೊರಗಿನ ಕರೆಗಳು ಕಾದು ಕಾದು ಕನ್ಸೋಲು ಕುಯ್ಯೋ ಎನ್ನತೊಡಗಿತು.

ವೈರನ್ನು ಇಲಿ ಕಡಿದಿರಬೇಕು ಎಂದುಕೊಂಡು ಅವನು ಪೆಟ್ಟಿಗೆ ಬಿಚ್ಚಿದ. ಎಳೆ ಎಳೆ ಮುಟ್ಟಿ ನೋಡಿದ. ಎಲ್ಲವೂ ನೆಟ್ಟಗಿತ್ತು. ಮತ್ತೆ ಮುಚ್ಚಿದ, ಮತ್ತೆ ಬಿಚ್ಚಿದ. ಬಾಗಿಲಲ್ಲಿ ಮ್ಯಾನೇಜರು ಬಂದು ನಿಂತರು.

“ಏನಮ್ಮಾ, ಲಾರಿಯವರು ನನ್ನ ಕೈಫೋನಿಗೆ ಕರೆ ಮಾಡಿ ಬಯ್ತಿದಾರೆ. ಇದೇನಾ ನಿಮ್ಮ ಮಾತು? ಊಟದ ಹೊತ್ತಿಗೆ ಸರಿಹೋಗದಿದ್ರೆ ಕಂಪನಿಯವರನ್ನ ಕರೆಸ್ತೀನಿ.”

“ಹೊಸ ಎತ್ತು ಸಾರ್, ನೊಗಕ್ಕೆ ಒಗ್ಗಬೇಕಲ್ಲ” ಎಂದಳು ಚಿಕ್ಕಮ್ಮ. ಆದರೆ ಅವಳ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿದ್ದುದನ್ನು ಅವನು ಕಂಡ.

ಅವನು ಟೆಸ್ಟರು ಹಿಡಿದು ಲೆಕ್ಕದ ಕೋಣೆಗೆ ಓಡಿದ. ಕುರ್ಚಿ ಖಾಲಿ. ಮೇಜಿನ ಮೇಲೆ ರಿಸೀವರು ಮಗ್ಗುಲಾಗಿ ಮಲಗಿತ್ತು. ಎತ್ತಿ ಜಾಗದಲ್ಲಿಟ್ಟು ತೂಕದ ಮನೆಗೆ ಹೋದರೆ ಅಲ್ಲೂ ಹಾಗೆಯೇ. ಅದನ್ನು ಇಡುವಷ್ಟರಲ್ಲಿ ಚಹದ ಲೋಟ ಹಿಡಿದ ಗುಮಾಸ್ತ ಬಂದ.

“ಅಯ್ಯೋ, ಯಾಕ್ ಇಟ್ರಿ? ನಾನು ಸೀಟಲ್ಲಿಲ್ಲ ಅಂತ ಆಪರೇಟರ್ ಅಕ್ಕನಿಗೆ ತಿಳಿಯೋದು ಹೇಗೆ?”

“ಎದ್ದು ಹೋಗೋವಾಗ ಎಲ್ಲರೂ ಹೀಗೇ ಇಡ್ತೀರಾ?”

“ಮತ್ತೆ? ಹಳೇ ಬೋರ್ಡಲ್ಲಿ ಅಕ್ಕ ಲೈನಿಗೆ ಬಂದು ಹಲೋ ಅಂತಾರೆ, ಈ ಕಡೆ ಮಾತಿಲ್ಲ ಅಂದ್ರೆ ಆಸಾಮಿ ಚಹಕ್ಕೆ ಹೋಗಿದಾನೆ ಅಂತ. ಮೊದಲಿಂದ್ಲೂ ಹಾಗೇ.”

ಅವನು ವಾಪಸು ಬಂದು ಬಾಗಿಲಿಗೊರಗಿ ನಿಂತ. “ಚಿಕ್ಕಮ್ಮಾ, ಇದನ್ನ ಬೆಳಿಗ್ಗೆಯೇ ಹೇಳೋಕೇನಾಗಿತ್ತು?”

“ಅದನ್ನೂ ಹೇಳ್ಬೇಕಾ? ಎಲ್ಲಾ ಕಚೇರೀಲೂ ಅಷ್ಟೇ ಅಲ್ವಾ?”

ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಹೊಸ ಯಂತ್ರ ಪಕ್ಕಕ್ಕಿಟ್ಟ ರಿಸೀವರನ್ನು ಮಾತು ನಡೆದಿದೆ ಎಂದೇ ಎಣಿಸಿ ಕರೆಗಳನ್ನು ಕಾಯಿಸುತ್ತಿತ್ತು. ಇಡೀ ಕಚೇರಿಯ ರೂಢಿ ಬಿಡಿಸುವುದು ಆಗದ ಹೋಗದ ಮಾತು, ಯಂತ್ರವನ್ನೇ ಬಗ್ಗಿಸಬೇಕು. ಲ್ಯಾಪ್‌ಟಾಪು ಜೋಡಿಸಿ ಕೂತ. ಕರೆಯೇನೂ ಇಲ್ಲದೆ ರಿಸೀವರು ಎತ್ತಿ ಸ್ವಲ್ಪ ಹೊತ್ತು ಯಾರೂ ನಂಬರು ಒತ್ತದಿದ್ದರೆ ದೀಪ ಕೆಂಪಗೆ ನಿಲ್ಲದೆ ಮಿಣುಕುವಂತೆ, ಕರೆ ಆಪರೇಟರಿಗೇ ಮರಳುವಂತೆ ಮಾಡಿದ. ಗೋದಾಮಿನ ದೀಪ ಮಿಣುಕಿತು.

“ಓ, ಗೋದಾಮಿನವನು ಎದ್ದುಹೋದ” ಎಂದು ಚಿಕ್ಕಮ್ಮ ತಟ್ಟನೆ ಓದಿದಳು. ಕಾದ ಕರೆಗಳೆಲ್ಲ ಒಂದೊಂದಾಗಿ ಕರಗಿದವು.

ಮ್ಯಾನೇಜರು ಇಣುಕಿ ನೋಡಿ, “ಹ್ಞೂಂ, ನಡೀತಿದೆ” ಎಂದಷ್ಟೇ ಹೇಳಿ ಹೋದರು. ಕಂಪನಿಯ ಮಾತೆತ್ತಲಿಲ್ಲ.

ಮೆಕ್ಯಾನಿಕ್ಕು ಟೆಸ್ಟರನ್ನು ಚೀಲಕ್ಕೆ ಹಾಕಿದ, ತೆಗೆದ, ಮತ್ತೆ ಹಾಕಿದ. “ಚಿಕ್ಕಮ್ಮಾ, ನಿನ್ನ ಋಣ ಇವತ್ತು ಒಂದು ಚೂರಾದ್ರೂ ತೀರ್ತು ಅಂದ್ಕೊಳ್ಳಲಾ?”

ಅವಳು ಸರಕ್ಕನೆ ತಿರುಗಿದಳು. “ಅದಕ್ಕಾ ಬೆಳಗಿನಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ್ದು? ತೀರಿಸೋಕೆ ಬಂದಿದ್ರೆ ಈಗಲೇ ಕಿತ್ಕೊಂಡು ಹೋಗು ಇದನ್ನ. ನೀನು ಬಾಕಿ ಇಟ್ಕೊಂಡೇ ಇರ್ಬೇಕು ಕಣೋ, ಇಲ್ದಿದ್ರೆ ಮನೆ ಕಡೆ ತಲೆ ಹಾಕ್ತೀಯಾ?”

ಅವನು ಏನೋ ಹೇಳಹೊರಟ. ಅಷ್ಟರಲ್ಲಿ ಹೊರಗಿನ ಕರೆ ಬಂತು. ಅವಳು ಅವನತ್ತ ಸುಮ್ಮನಿರು ಎಂದು ಕೈ ಮಾಡಿ, ಗುಂಡಿ ಒತ್ತಿದಳು.