ಎರಡು ಬಕೆಟ್ ನೀರು

"ಇದೇನೇ ಗುಬ್ಬಿ, ಕಾರು ಅಂದ್ಕೊಂಡ್ಯೋ, ತಳ ಹತ್ತಿದ ಬಾಣಲಿ ಅಂದ್ಕೊಂಡ್ಯೋ?"

ಅಣ್ಣ ಕನ್ನಡಕವನ್ನು ಹಣೆಗೇರಿಸಿ ಬಾನೆಟ್ಟಿನ ಮೇಲೆ ಬಗ್ಗಿದ್ದ. ಕಡುನೀಲಿ ಬಣ್ಣದ ನಡುವೆ ಅಂಗೈಯಗಲದ ಒಂದು ಮಚ್ಚೆ. ಹೊಳಪೆಲ್ಲ ಹೋಗಿ, ಸೀಮೆಸುಣ್ಣ ಒರೆಸಿದ ಕರಿಹಲಗೆಯ ಹಾಗೆ ಮಂಕಾಗಿತ್ತು.

"ಹಕ್ಕಿ ಹಿಕ್ಕೆ ಹಾಕಿತ್ತು. ಒಣಗಿ ಅಂಟ್ಕೊಂಡಿತ್ತು. ಉಜ್ಜಿದೆ," ಎಂದಳು ಗುಬ್ಬಿ.

"ಯಾವುದರಲ್ಲಿ?"

ಉತ್ತರ ಬಕೆಟ್ಟಿನಲ್ಲಿ ತೇಲುತ್ತಿತ್ತು. ಪಾತ್ರೆ ತಿಕ್ಕುವ ಹಸಿರು ನಾರು, ಅದರ ಸುತ್ತ ಪಾತ್ರೆ ಸೋಪಿನ ನೊರೆ. ಶಾಲೆಯೊಂದರ ಅಡುಗೆಮನೆಯಲ್ಲಿ ದಿನವೂ ಆಳೆತ್ತರದ ಪಾತ್ರೆಗಳನ್ನು ತಿಕ್ಕುವ ಕೈ ಅವಳದು. ಏನಾದರೂ ಅಂಟಿಕೊಂಡಿದೆ ಎಂದರೆ ಆ ಕೈ ಅವಳನ್ನು ಕೇಳುತ್ತಿರಲಿಲ್ಲ, ತಾನೇ ನಾರು ಹುಡುಕಿಕೊಂಡು ಹೋಗಿ ಬಲ ಹಾಕಿ ತಿಕ್ಕಿಬಿಡುತ್ತಿತ್ತು.

"ಮುಂದಿನ ಭಾನುವಾರ ಕಾರು ನೋಡೋಕೆ ಜನ ಬರ್ತಾರೆ. ಹೊತ್ತು ನೋಡಿ ಮಾಡಿದೀಯಲ್ಲ, ತಾಯಿ!"

"ಮಾರೋ ಮಾತು ಯಾರು ಆಡಿದ್ದು? ನನ್ನನ್ನ ಕೇಳಿದ್ಯಾ?"

"ನಿನ್ನನ್ನ ಏನು ಕೇಳೋದು? ಅಪ್ಪನಿಗೆ ಕಣ್ಣು ಕಾಣಲ್ಲ. ನನ್ನ ಹತ್ರ ನನ್ನ ಕಾರಿದೆ. ಇದು ಇಲ್ಲಿ ನಿಂತು ಯಾರಿಗೆ ಉಪಯೋಗ, ಹಕ್ಕಿಗಳಿಗಾ?"

"ನನಗೆ. ನಾನು ಓಡಿಸ್ತೀನಿ. ಲೈಸೆನ್ಸ್ ಬಂದಿದೆ."

ಅಣ್ಣ ನಕ್ಕ. ಕೆಟ್ಟ ನಗುವಲ್ಲ. ಚಿಕ್ಕವರು ದೊಡ್ಡವರ ಚಪ್ಪಲಿಯಲ್ಲಿ ಕಾಲು ತೂರಿಸಿಕೊಂಡು ನಡೆಯುವುದನ್ನು ಕಂಡಾಗ ಬರುತ್ತದಲ್ಲ, ಆ ನಗು. ಅದೇ ಅವಳ ಮೈ ಉರಿಸಿದ್ದು. "ತೊಳೆಯೋಕೇ ಬರಲ್ಲ, ಓಡಿಸ್ತಾಳಂತೆ! ಕೇಳಿದ್ಯಾ ಅಪ್ಪಾ?"

ಬಾಗಿಲ ಮುಂದಿನ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ನೋಟ ಪೂರ್ತಿ ಮಂಜಾದ ಮೇಲೆ ಅವರು ಮಾತನ್ನೂ ಕಡಿಮೆ ಮಾಡಿದ್ದರು. ಕಾರಿನ ಬಗ್ಗೆಯಂತೂ ಬಾಯಿ ಬಿಟ್ಟಿದ್ದೇ ಇಲ್ಲ. ಈಗ ತಲೆ ಎತ್ತಿ, ಇಬ್ಬರ ಧ್ವನಿಗಳ ನಡುವೆ ಎಲ್ಲೋ ಮುಖ ಮಾಡಿ ಹೇಳಿದರು.

"ಯಾರಿಗೆ ನೋಡ್ಕೊಳ್ಳೋಕೆ ಬರುತ್ತೋ ಅವರು ಇಟ್ಕೊಳ್ಳಲಿ. ಬರದಿದ್ರೆ ಮಾರಿ."

"ಹಾಗಾದ್ರೆ ಮುಗೀತು ಬಿಡು," ಎಂದು ಅಣ್ಣ ಕನ್ನಡಕ ಇಳಿಸಿಕೊಂಡ. "ಗುಬ್ಬಿ, ಭಾನುವಾರದವರೆಗೆ ಕೈ ಕಟ್ಕೊಂಡಿರು. ಅಷ್ಟು ಮಾಡು ಸಾಕು."

ಅವನು ಹೋದ ಮೇಲೂ ಅವಳು ಕಾರಿನ ಸುತ್ತ ಸುತ್ತಿದಳು. ಮಚ್ಚೆಯಷ್ಟೇ ಅಲ್ಲ, ಹಿಂದಿನ ಬಾಗಿಲಿನ ಕೆಳಗೆ ಉದ್ದಕ್ಕೂ ಒಂದು ಗೀರು ಕಾಣಿಸಿತು. ನಿನ್ನೆಯವರೆಗೆ ಅದು ಅಲ್ಲಿರಲಿಲ್ಲ. ಇದೂ ತನ್ನ ಕೈಯದೇ ಕೆಲಸವೇ? ನಾರನ್ನು ಅಲ್ಲಿಗೆ ಒಯ್ದಿದ್ದೇ ನೆನಪಿಲ್ಲವಲ್ಲ! ಅಣ್ಣ ಅದನ್ನು ನೋಡಿರಲಿಲ್ಲ. ಅವಳೂ ಹೇಳಲಿಲ್ಲ.

ಗಂಡನಿಂದ ಬೇರೆಯಾಗಿ ಬಂದಂದಿನಿಂದ ಅವಳಿದ್ದದ್ದು ಅಪ್ಪನ ಜೊತೆಗೇ. ಅಡುಗೆ, ಔಷಧಿ, ಬಾಡಿಗೆ ಗಾಡಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲ ಅವಳದೇ. ಕಾರು ಮಾತ್ರ ಎಂದೂ ಅವಳದಾಗಿರಲಿಲ್ಲ. ಈ ಕಾರಿಗಿಂತ ಮುಂಚಿನ ಕಾರಿದ್ದ ಕಾಲದಿಂದಲೂ ಅಪ್ಪನ ಭಾನುವಾರಗಳು ಒಂದೇ ತರಹ. ಅಪ್ಪ ತೊಳೆಯುವವರು, ಅಣ್ಣ ಒರೆಸುವವನು, ಅವಳು ಎರಡು ಬಕೆಟ್ ನೀರು ಹೊತ್ತು ತರುವವಳು. ಒಂದು ಸೋಪಿನದು, ಇನ್ನೊಂದು ಬರೀ ನೀರು. ಕೆಲಸ ಮುಗಿದ ಮೇಲೆ ಅಪ್ಪ, ಅಣ್ಣ ಇಬ್ಬರೂ ಕಾರು ಹತ್ತಿ ಒಂದು ಸುತ್ತು ಹೋಗಿಬರುತ್ತಿದ್ದರು. ಅವಳು ಬಕೆಟ್ಟುಗಳ ಕೊಳಕು ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ತೊಳೆದು, ಬೋರಲು ಹಾಕುತ್ತಿದ್ದಳು. ಅವಳೂ ಬರುತ್ತಾಳೋ ಏನೋ ಎಂದು ಯಾರಿಗೂ ಹೊಳೆದಿರಲಿಲ್ಲ. ಆಗ ಅವಳಿಗೂ ಹೊಳೆದಿರಲಿಲ್ಲ.

*

ಕಾರು ಸಾಮಾನಿನ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಬಾಟಲಿಗಳು. ನೀಲಿ, ಕೆಂಪು, ಗಿಳಿಹಸಿರು ದ್ರವಗಳು; ಎಲ್ಲದರ ಮೇಲೂ ಫಳಫಳ ಹೊಳೆಯುವ ಕಾರುಗಳ ಚಿತ್ರ. ಚಿತ್ರ ನೋಡಿದರೆ ಎಲ್ಲವೂ ಒಂದೇ ಕೆಲಸ ಮಾಡುವಂತಿತ್ತು. ಕೆಲಸದಿಂದ ನೇರವಾಗಿ ಬಂದಿದ್ದ ಅವಳ ಬಟ್ಟೆಗೆ ಇನ್ನೂ ಒಗ್ಗರಣೆಯ ವಾಸನೆಯಿತ್ತು.

"ಏನು ಬೇಕಿತ್ತು ಮೇಡಂ? ಕಾರಿಗೆ ಸೆಂಟಾ?" ಅಂಗಡಿಯವನು ನಿಂಬೆಹಣ್ಣಿನ ಆಕಾರದ ಒಂದನ್ನು ಮುಂದೆ ಹಿಡಿದ.

"ಬಾನೆಟ್ಟಿನ ಮೇಲೆ ಉಜ್ಜಿದ ಗುರುತಾಗಿದೆ. ಅದಕ್ಕೆ ಏನು ಬೇಕೋ ಅದು."

"ಯಜಮಾನ್ರಿಗೆ ಫೋನ್ ಹಚ್ಚಿ ಕೊಡಿ. ಅವರಿಗೆ ಹೇಳ್ತೀನಿ."

"ಕಾರಿಗೆ ಯಜಮಾನಿ ನಾನೇ. ನನಗೇ ಹೇಳಿ." ಹೇಳಿದ ಮೇಲೆ, ಇನ್ನೂ ಆಗಿಲ್ಲವಲ್ಲ ಎಂಬುದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಒಂದು ದೊಡ್ಡ ಪೆಟ್ಟಿಗೆಯನ್ನು ಧೊಪ್ಪೆಂದು ಮೇಜಿನ ಮೇಲಿಟ್ಟ. ಅದರ ತುಂಬ ಬಾಟಲಿ, ಬ್ರಶ್ಶು, ಸ್ಪಂಜು. "ಹೊಸಬರೆಲ್ಲ ಇದನ್ನೇ ತಗೊಂಡು ಹೋಗೋದು. ಟೈರಿಗೆ, ಗಾಜಿಗೆ, ಸೀಟಿಗೆ, ಎಲ್ಲದಕ್ಕೂ ಬೇರೆ ಬೇರೆ. ಕಣ್ಣು ಮುಚ್ಚಿ ತಗೊಳ್ಳಿ."

ಗುಬ್ಬಿ ಕಣ್ಣು ಮುಚ್ಚಲಿಲ್ಲ. ಒಂದೊಂದೇ ಬಾಟಲಿಯನ್ನು ಎತ್ತಿ, ಹಿಂದಿನ ಸಣ್ಣಕ್ಷರಗಳನ್ನು ಬೆರಳಿಟ್ಟು ಓದತೊಡಗಿದಳು. ಹಿಂದೆ ನಿಂತಿದ್ದ ಗಿರಾಕಿ ಕೆಮ್ಮಿದ. ಅವಳು ಓದುತ್ತಲೇ ಇದ್ದಳು.

"ಇವುಗಳಲ್ಲಿ ಗುರುತನ್ನ ತೆಗೆಯೋದು ಯಾವುದು, ಮುಚ್ಚೋದು ಯಾವುದು?"

ಅಂಗಡಿಯವನು ಮೊದಲ ಸಲ ಅವಳ ಮುಖ ನೋಡಿದ. "ಪಾಲಿಶ್ ತೆಗೆಯುತ್ತೆ. ಅದರಲ್ಲಿ ಹಿಟ್ಟಿನಂಥ ನುಣ್ಣನೆ ಪುಡಿ ಇರುತ್ತೆ, ಮೇಲಿನ ಪದರವನ್ನ ಚೂರು ಸವೆಸುತ್ತೆ. ಮೇಣ ಮುಚ್ಚುತ್ತೆ. ಗೀರಿನೊಳಗೆ ತುಂಬ್ಕೊಂಡು ಕಣ್ಣಿಗೆ ಕಾಣದ ಹಾಗೆ ಮಾಡುತ್ತೆ, ಅಷ್ಟೆ. ತೊಳೆಯೋ ಶಾಂಪೂ ಮೆತ್ತಗಿರ್ಬೇಕು. ಪಾತ್ರೆ ಸೋಪು ಹಾಕಿದ್ರೋ, ಇದ್ದ ಮೇಣವೆಲ್ಲ ಎದ್ದು ಹೋಗುತ್ತೆ."

"ಹಾಕಿದ್ದಾಯ್ತು," ಎಂದಳು ಅವಳು.

ಅವನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. "ಪಾಲಿಶ್ ಹಾಕೋ ಮೊದಲು ಬಣ್ಣದ ಮೇಲೆ ಒರಟಿದೆಯೋ ಇಲ್ವೋ ನೋಡ್ಬೇಕು. ಕಣ್ಣಿಗೆ ಗೊತ್ತಾಗಲ್ಲ. ಅದಕ್ಕೊಂದು ಉಪಾಯ..."

"ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಸವರಿ ನೋಡೋದು."

"ಅರೆ! ಯಾರು ಹೇಳಿಕೊಟ್ರು?"

"ಯಾರೂ ಹೇಳಿಕೊಡ್ಲಿಲ್ಲ. ಬಕೆಟ್ ಹಿಡ್ಕೊಂಡು ನಿಂತಿರ್ತಿದ್ದೆ, ನೋಡ್ತಿದ್ದೆ."

ಕೊನೆಗೆ ಅವಳು ತೆಗೆದುಕೊಂಡದ್ದು ಶಾಂಪೂ, ತೊಳೆಯುವ ಮೆತ್ತನೆ ಕೈಗವಸು, ಒರೆಸುವ ಬಟ್ಟೆಗಳು, ಪಾಲಿಶ್ ಮತ್ತು ಮೇಣ. ಟೈರಿಗೆ ಕಪ್ಪು ಹೊಳಪು ಕೊಡುವ ಬಾಟಲಿಯನ್ನು ಅವನು ಮೆಲ್ಲಗೆ ಪಕ್ಕಕ್ಕೆ ಸರಿಸಿದಾಗ, ಅವಳು ಅಷ್ಟೇ ಮೆಲ್ಲಗೆ ಅದನ್ನು ವಾಪಸು ಸರಿಸಿದಳು. "ರಸ್ತೆಯಲ್ಲಿ ಉರುಳೋದಕ್ಕೆ ಯಾಕಪ್ಪಾ ಶೃಂಗಾರ?"

ಹೊರಡುವಾಗ ಅವನೇ ಕೂಗಿ ಹೇಳಿದ. "ಮೇಡಂ, ಬಲ ಹಾಕ್ಬೇಡಿ! ಹೊಸಬರೆಲ್ಲ ಕೆಡಿಸ್ಕೊಳ್ಳೋದು ಅಲ್ಲೇ."

*

ಆದರೂ ಮೊದಲ ದಿನವೇ ಕೆಟ್ಟಿತು. ಕೆಲಸದಿಂದ ಬಂದು, ಮಧ್ಯಾಹ್ನದ ಬಿಸಿಲಿನಲ್ಲೇ ತೊಳೆದು ಒರೆಸಿ, ಪಾಲಿಶ್ ಹಚ್ಚಿದಳು. ಅದು ಕಣ್ಣೆದುರಿಗೇ ಒಣಗಿ, ದೋಸೆ ಹಂಚಿಗೆ ಅಂಟಿದ ಹಿಟ್ಟಿನ ಹಾಗೆ ಕಚ್ಚಿಕೊಂಡಿತು. ಬಟ್ಟೆ ಜಾರಲೇ ಇಲ್ಲ, ಚರ್ ಚರ್ ಎಂದು ಸದ್ದು ಮಾಡಿತು. ಅವಳ ಕೈ ತನ್ನಷ್ಟಕ್ಕೆ ಬಲ ಹಾಕತೊಡಗಿತು.

"ಬಿಸಿಲಲ್ಲಿ ಹಚ್ತಿದೀಯಾ?"

ಅವಳು ಬೆಚ್ಚಿ ತಿರುಗಿದಳು. ಕುರ್ಚಿಯಲ್ಲಿ ಅಪ್ಪ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು.

"ನೆರಳಿಗೆ ತಗೊಂಡು ಹೋಗು."

"ಕಾರನ್ನಾ?"

"ಮತ್ತೆ ಬಿಸಿಲನ್ನಾ?"

ನೆರಳಿದ್ದದ್ದು ಅಂಗಳದ ಆ ತುದಿಯ ಮರದ ಕೆಳಗೆ. ಅಲ್ಲಿಗೆ ಹೋಗಬೇಕಾದರೆ ಹಿಮ್ಮುಖವಾಗಿ, ಕಾಂಪೌಂಡ್ ಗೋಡೆ ಮತ್ತು ನೀರಿನ ತೊಟ್ಟಿಯ ನಡುವೆ ನುಸುಳಬೇಕು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಗುರುಗಳ ಕಾಲಿನ ಕೆಳಗೂ ಒಂದು ಬ್ರೇಕಿತ್ತು. ಇಲ್ಲಿ ಅವಳೊಬ್ಬಳೇ. ಕೀಲಿ ತಿರುಗಿಸಿದಳು. ಕಾರು ಎರಡು ಸಲ ಕೆಮ್ಮಿ ಎದ್ದಿತು. ಒಂದು ಸಲ ಮುಗ್ಗರಿಸಿ ನಿಂತೂಹೋಯಿತು.

"ಕ್ಲಚ್ಚನ್ನ ಒಂದೇ ಸಲ ಬಿಡ್ಬೇಡ," ಎಂದರು ಅಪ್ಪ. ಮತ್ತೇನೂ ಹೇಳಲಿಲ್ಲ.

ಗೋಡೆ ತಪ್ಪಿಸಿ, ತೊಟ್ಟಿ ತಪ್ಪಿಸಿ, ಕಾರು ಮರದ ಕೆಳಗೆ ಬಂದು ನಿಂತಾಗ ಅವಳ ಬೆನ್ನು ತೊಯ್ದಿತ್ತು. ಇಳಿದು ನೋಡಿದರೆ ತೊಟ್ಟಿಗೂ ಕಾರಿಗೂ ನಡುವೆ ಒಂದು ಬೆಕ್ಕು ಮಾತ್ರ ಆರಾಮಾಗಿ ಹೋಗಬಹುದಿತ್ತು. ಯಾರೂ ನೋಡುತ್ತಿರಲಿಲ್ಲವಾದರೂ ಅವಳು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದಳು.

ಅಲ್ಲಿಂದ ಮುಂದೆ ಸಂಜೆ ಸಂಜೆ ಅದೇ ಕೆಲಸ. ಬಟ್ಟೆಗೆ ಕಡಲೆಕಾಳಿನಷ್ಟು ಪಾಲಿಶ್, ಸಣ್ಣ ಸಣ್ಣ ಸುತ್ತು, ಮಗುವಿನ ಕೆನ್ನೆಗೆ ಎಣ್ಣೆ ಹಚ್ಚುವಷ್ಟೇ ಒತ್ತಡ. ಕೈ ಮತ್ತೆ ಮತ್ತೆ ಹಳೆಯ ಚಾಳಿಗೆ ಹೋಗುತ್ತಿತ್ತು. "ಏಯ್," ಎಂದು ಅವಳು ಕೈಯನ್ನೇ ಗದರಿಸುತ್ತಿದ್ದಳು. ಮಚ್ಚೆಯ ಅಂಚು ದಿನದಿಂದ ದಿನಕ್ಕೆ ಕರಗಿತು. ನೀಲಿಯೊಳಗಿಂದ ಮರದ ಎಲೆಗಳು ಕಾಣಿಸತೊಡಗಿದವು, ಆಮೇಲೆ ಅವಳ ಮುಖವೂ. ಆದರೆ ನಟ್ಟನಡುವೆ, ಅವಳು ಅತಿ ಹೆಚ್ಚು ಬಲ ಹಾಕಿದ್ದ ಕಡೆ, ಉಗುರಿನಾಕಾರದ ಒಂದು ಗೆರೆ ಉಳಿದೇ ಉಳಿಯಿತು. ಹಿಂದಿನ ಬಾಗಿಲಿನ ಉದ್ದ ಗೀರೂ ಜಪ್ಪಯ್ಯ ಎಂದರೂ ಹೋಗಲಿಲ್ಲ. ಅದರ ಮೇಲೆ ಮೇಣ ಹಚ್ಚಿದರೆ ಮುಚ್ಚಿಹೋಗುತ್ತಿತ್ತು. ಅವಳು ಡಬ್ಬಿ ತೆರೆದಳು, ಯೋಚಿಸಿದಳು, ಆ ಎರಡು ಜಾಗಗಳನ್ನು ಬಿಟ್ಟು ಉಳಿದೆಡೆಗೆಲ್ಲ ಹಚ್ಚಿದಳು. ನೋಡುವವರು ಇದ್ದದ್ದನ್ನು ಇದ್ದ ಹಾಗೇ ನೋಡಲಿ.

*

ಭಾನುವಾರ ಬೆಳಿಗ್ಗೆ ಅವಳು ಕಾರನ್ನು ಇನ್ನೊಮ್ಮೆ ತೊಳೆದು ಮುಗಿಸುವಾಗಲೇ ಅಣ್ಣ ಬಂದ. ಜೊತೆಗೆ ಕಾರು ನೋಡಲು ಬಂದ ದಪ್ಪ ಮೀಸೆಯ ವ್ಯಾಪಾರಿ.

ಅಣ್ಣ ಬಾನೆಟ್ಟು ನೋಡಿದ, ಅವಳನ್ನು ನೋಡಿದ. "ಯಾರ ಹತ್ರ ಕೊಟ್ಟು ಮಾಡಿಸಿದೆ?"

"ಇವುಗಳ ಹತ್ರ," ಎಂದು ಅವಳು ಎರಡೂ ಕೈ ಎತ್ತಿ ತೋರಿಸಿದಳು. ಬೆರಳುಗಳು ನೀರಲ್ಲಿ ನೆನೆದು ಸುಕ್ಕಾಗಿದ್ದವು.

ವ್ಯಾಪಾರಿ ಕಾರನ್ನು ಸುತ್ತಿ ಬಂದು ತಲೆದೂಗಿದ. "ಚೆನ್ನಾಗಿ ಇಟ್ಟಿದೀರಿ. ನಾನು ಹೇಳಿದ್ದಕ್ಕಿಂತ ಜಾಸ್ತಿನೇ ಕೊಡ್ಬೋದು. ಇವತ್ತೇ ತಗೊಂಡು ಹೋಗ್ತೀನಿ."

ಅಣ್ಣನ ಮುಖ ಅರಳಿತು. "ನೋಡಿದ್ಯಾ ಗುಬ್ಬಿ? ನಿನ್ನ ಕಷ್ಟ ದಂಡ ಆಗ್ಲಿಲ್ಲ!"

ಇಷ್ಟು ದಿನ ಉಜ್ಜಿ ಉಜ್ಜಿ ತಾನು ಮಾಡಿದ್ದು ಇದನ್ನೇ? ಅವಳು ಕೈಗವಸನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು.

"ಇದು ಮಾರೋಕಲ್ಲ. ನೀವು ಬಂದಿದ್ದೀರಿ, ಕಾಫಿ ಕುಡಿದು ಹೋಗಿ."

"ಏನೇ ಇದು? ಬಂದವರ ಮುಂದೆ..."

"ನೋಡ್ಕೊಳ್ಳೋಕೆ ಬಂದ್ರೆ ಇಟ್ಕೊಳ್ಳಲಿ ಅಂತ ಅಪ್ಪ ಹೇಳಿಲ್ವಾ? ನೋಡ್ಕೊಂಡಿದೀನಿ. ನೋಡು."

"ನೋಡ್ತಿದೀನಲ್ಲ!" ಅಣ್ಣನ ಬೆರಳು ಬಾನೆಟ್ಟಿನ ನಡುವಿಗೆ ಹೋಯಿತು. "ಗೆರೆ ಹಾಗೇ ಇದೆ. ಅಲ್ಲಿ ಬಾಗಿಲಿಗೆ ಇನ್ನೊಂದು. ಅಷ್ಟುದ್ದ! ಇದನ್ನ ನೋಡ್ಕೊಳ್ಳೋದು ಅಂತಾರಾ?"

"ಒಂದು ಪ್ಲಾಸ್ಟಿಕ್ ಕವರು ಕೊಡಿ," ಎಂದಿತು ಕುರ್ಚಿ ಕಡೆಯಿಂದ ಧ್ವನಿ.

ಅಪ್ಪ ಗೋಡೆ ಹಿಡಿದುಕೊಂಡು ಬಂದರು. ಅವಳು ಕೊಟ್ಟ ತೆಳು ಕವರಿನೊಳಗೆ ಕೈ ತೂರಿಸಿ, ಬಾನೆಟ್ಟಿನ ಅಂಚಿನಿಂದ ಶುರುಮಾಡಿ ನಿಧಾನವಾಗಿ ಸವರುತ್ತ ಹೋದರು. ಸದ್ದೇ ಇಲ್ಲದೆ ಕೈ ಜಾರಿತು. ಮೊದಲು ಒಂದು ಬದಿ, ಆಮೇಲೆ ಸೂರು, ಆಮೇಲೆ ಇನ್ನೊಂದು ಬದಿ. ಮತ್ತೆ ಬಾನೆಟ್ಟಿಗೆ ಬಂದು, ಕವರು ಕಳಚಿ ಬರಿಗೈ ಇಟ್ಟರು. ತೋರುಬೆರಳಿನ ಉಗುರು ಗೆರೆಯ ಹತ್ತಿರ ಬಂದು ತಡವರಿಸಿ ನಿಂತಿತು.

"ಇದು ಹೋಗಲ್ಲ," ಎಂದರು.

"ಅದನ್ನೇ ನಾನು..." ಅಣ್ಣ ಶುರುಮಾಡಿದ.

"ಬಾಗಿಲಿಂದೂ ಹೋಗಲ್ಲ. ನೀನು ಹೊಸದಾಗಿ ಓಡಿಸೋಕೆ ಕಲಿತಾಗ ಗೇಟಿಗೆ ಉಜ್ಜಿದ್ದು ಅದು. ಪ್ರತಿ ಭಾನುವಾರ ಮೇಣ ತುಂಬಿ ತುಂಬಿ ಮುಚ್ಚಿಡ್ತಿದ್ದೆ. ಇವಳು ಸೋಪು ಹಾಕಿ ತೆಗೆದುಬಿಟ್ಟಿದಾಳೆ." ಅಪ್ಪನ ತುಟಿಯ ಒಂದು ತುದಿ ಮೇಲೆದ್ದಿತ್ತು. "ಅವತ್ತು ನಿನ್ನ ಕೈಯಿಂದ ಕೀಲಿ ಕಿತ್ಕೊಂಡಿದ್ನೇನೋ?"

ವ್ಯಾಪಾರಿ ಮೀಸೆಯ ಮೇಲೆ ಕೈಯಾಡಿಸುತ್ತ ಆಕಾಶ ನೋಡಿದ. ಅಣ್ಣ ಬಾಗಿಲಿನ ಗೀರನ್ನೇ ನೋಡುತ್ತಿದ್ದ.

ಅಪ್ಪ ಕಾರನ್ನು ತಡವುತ್ತ ಮುಂದಿನ ಬಾಗಿಲು ತೆರೆದು, ಚಾಲಕರ ಪಕ್ಕದ ಸೀಟಿನಲ್ಲಿ ಕೂತರು. ಬೆಲ್ಟ್ ಎಳೆದು ಸಿಕ್ಕಿಸಿಕೊಂಡರು.

"ಎಲ್ಲಿಗಪ್ಪಾ?" ಎಂದ ಅಣ್ಣ.

"ತೊಳೆದ ಮೇಲೆ ಒಂದು ಸುತ್ತು ಹೋಗಿಬರ್ಬೇಕಲ್ಲ. ಬ್ರೇಕು ಒಣಗ್ಬೇಡ್ವಾ?" ಬಾಗಿಲು ಎಳೆದುಕೊಂಡು, ಮುಖವನ್ನು ನೇರ ಮುಂದಕ್ಕೆ ಮಾಡಿದರು. "ಹತ್ತು ಮಗಳೇ."

ಅವಳು ಹತ್ತಿದಳು. ಕಾರು ಕೆಮ್ಮಲಿಲ್ಲ. ಗೇಟಿನಲ್ಲಿ ತುಸು ನಿಧಾನಿಸಿ, ಎರಡೂ ಕಡೆಯ ಕಂಬ ನೋಡಿ, ಹೊರಗೆ ಬಂದಳು. ರಸ್ತೆಯ ತಿರುವಿಗೆ ಮುಂಚೆ ಒಮ್ಮೆ ಕನ್ನಡಿಗೆ ಕಣ್ಣು ಹಾಯಿಸಿದಳು. ಅಂಗಳದ ನಡುವೆ ಕೊಳಕು ನೀರಿನ ಎರಡು ಬಕೆಟ್ಟುಗಳು, ಅವುಗಳ ಪಕ್ಕದಲ್ಲಿ ಅಣ್ಣ. ಅವನು ಅತ್ತಿತ್ತ ನೋಡಿದ. ಆಮೇಲೆ ಬಗ್ಗಿ ಒಂದನ್ನು ಎತ್ತಿಕೊಂಡು, ಪ್ಯಾಂಟಿಗೆ ಸಿಡಿಯದ ಹಾಗೆ ಮೈಯಿಂದ ದೂರ ಹಿಡಿದು, ಗಿಡದ ಕಡೆಗೆ ನಡೆದ.